ಪಹಣಿಯ ನಕ್ಷತ್ರ, ಹೆಸರಿನ ಕೊಕ್ಕೆ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ರೈತರ ಮನೆಗಳಲ್ಲಿ ಟ್ರಂಕಿನ ತಳದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮಡಚಿಟ್ಟ ಒಂದು ಕಾಗದ ಇದ್ದೇ ಇರುತ್ತದೆ. ಅದೇ ಪಹಣಿ. ಬೆಳೆಸಾಲಕ್ಕೆ ಅದು ಬೇಕು, ಬೆಳೆ ವಿಮೆಗೆ ಬೇಕು, ತೊಗರಿ ಖರೀದಿ ಕೇಂದ್ರದಲ್ಲಿ ಹೆಸರು ಬರೆಸುವುದಕ್ಕೂ ಬೇಕು. ಆ ಕಾಗದದಲ್ಲಿ ಜಮೀನಿನ ಗುರುತು 45/*/1 ಎಂಬ ರೀತಿಯಲ್ಲಿರುತ್ತದೆ. 45 ಎಂಬುದು ಸರ್ವೆ ನಂಬರು, ಕೊನೆಯ 1 ಹಿಸ್ಸಾ. ಇವೆರಡರ ನಡುವಿನ ಅಂಕಣಕ್ಕೆ ಸರ್‌ನೋಕ್ ಎಂದು ಹೆಸರು. ಬಹಳಷ್ಟು ಪಹಣಿಗಳಲ್ಲಿ ಅಲ್ಲಿ ಒಂದು ನಕ್ಷತ್ರ ಮಾತ್ರ ಕೂತಿರುತ್ತದೆ.

ರೈತನ ಮಟ್ಟಿಗೆ ಈ ನಕ್ಷತ್ರ ನಿರುಪದ್ರವಿ. ಆದರೆ ಅದೇ ಊರಿನಿಂದ ಬಸ್ಸು ಹಿಡಿದು ಕಾಲೇಜಿಗೆ ಹೋಗಿ ಬಿಸಿಎ ಓದುವ ಮಗನೋ ಮಗಳೋ ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಪಹಣಿ ಹುಡುಕುವ ಒಂದು ಪುಟ್ಟ ತಂತ್ರಾಂಶ ಬರೆದರೆ, ಈ ನಕ್ಷತ್ರವೂ ಅದರ ಪಕ್ಕದ ಓರೆಗೆರೆಯೂ ಸೇರಿ ಮೂರು ತಾಲೂಕುಗಳ ಜಮೀನನ್ನು ಒಂದೇ ಏಟಿಗೆ ಕಲಸಿಬಿಡಬಲ್ಲವು. ಹೇಗೆ ಎಂಬುದನ್ನು ನಿಧಾನವಾಗಿ ನೋಡಬೇಕು.

ಪಹಣಿಗಳು ಕಂಪ್ಯೂಟರಿಗೆ ಬಂದದ್ದು ‘ಭೂಮಿ’ ಯೋಜನೆಯಲ್ಲಿ. ಅದಕ್ಕೆ ಮೊದಲು ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿ ಅವು ಹಂಚಿಹೋಗಿದ್ದವು. ಕಂದಾಯ ಇಲಾಖೆಯ ಅಧಿಕಾರಿ ರಾಜೀವ್ ಚಾವ್ಲಾ ಅವರ ಮೇಲ್ವಿಚಾರಣೆಯಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದ ನೆರವಿನಿಂದ 2001ರ ಸುಮಾರಿಗೆ ಅಂದಾಜು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಗಣಕೀಕರಣಗೊಂಡವು. ತಾಲೂಕು ಕಚೇರಿಯ ಕಿಂಡಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಸಿಗುತ್ತಿತ್ತು. ಭೂಮಿಯಲ್ಲಿ ಸರ್ವೆ ನಂಬರು, ಸರ್‌ನೋಕ್, ಹಿಸ್ಸಾ ಈ ಮೂರಕ್ಕೂ ಬೇರೆಬೇರೆ ಅಂಕಣ ಇದೆ, ಮೂರನ್ನೂ ಒಂದೊಂದಾಗಿ ಆರಿಸಬೇಕು. ಹಾಗಾಗಿ ಮುಂದೆ ಹೇಳುವ ಎಡವಟ್ಟು ಭೂಮಿಯದಲ್ಲ. ಕಾಗದದ ಮೇಲೆ ಕಂಡದ್ದನ್ನು ಕಂಡ ಹಾಗೆಯೇ ಒಂದೇ ಪೆಟ್ಟಿಗೆಯಲ್ಲಿ ತುಂಬಿಸಿಕೊಳ್ಳುವ ಕಾಲೇಜು ಪ್ರಾಜೆಕ್ಟಿನದು.

ಡೇಟಾಬೇಸ್ ಎಂದರೆ ಮಾಹಿತಿಯ ಕಣಜ. ಕಾಳು ತೆಗೆಯಬೇಕಾದರೆ ಕಣಜದ ಜೊತೆ ಮಾತಾಡಬೇಕು. ಆ ಮಾತಿನ ಭಾಷೆ ಎಸ್‌ಕ್ಯೂಎಲ್. ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಕೋಷ್ಟಕಗಳ ರೂಪದ ಕಣಜದ ಸಿದ್ಧಾಂತ ಮಂಡಿಸಿದರು. 1974ರಲ್ಲಿ ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅದಕ್ಕೊಂದು ಭಾಷೆ ಕೊಟ್ಟರು. ಲೆಕ್ಕಪತ್ರದ ಜನರೂ ಕೂತು ಬರೆಯುವಷ್ಟು ಸರಳವಾಗಿರಲಿ ಎಂದು ಅದನ್ನು ಇಂಗ್ಲಿಷ್ ವಾಕ್ಯದ ಹಾಗೆ ರಚಿಸಿದರು. ಆದ್ದರಿಂದ ಕ್ರಿಯಾಪದ ಮೊದಲು, ಷರತ್ತು ಕೊನೆಗೆ. ಕನ್ನಡದ ಅಕ್ಷರಗಳಲ್ಲಿ ಬರೆದರೆ ಒಂದು ಆಜ್ಞೆ ಹೀಗಿರುತ್ತದೆ:

ತೋರಿಸು ಪಹಣಿ-ಪಟ್ಟಿಯಿಂದ, ಎಲ್ಲಿ ಸರ್ವೆ = 45 ಮತ್ತು ಗ್ರಾಮ = 'ನೆಲೋಗಿ'

ಜೇವರ್ಗಿ ತಾಲೂಕಿನ ನೆಲೋಗಿಯ 45ನೇ ಸರ್ವೆ ನಂಬರು ಇದರಿಂದ ಸಿಗುತ್ತದೆ. ಈಗ ವಿದ್ಯಾರ್ಥಿಯ ತಂತ್ರಾಂಶದ ಪರದೆಯ ಮೇಲೆ ‘ಜಮೀನಿನ ಸಂಖ್ಯೆ’ ಎಂಬ ಪೆಟ್ಟಿಗೆ ಇದೆ ಎನ್ನಿ. ಅಪ್ಪ ಪಹಣಿ ನೋಡಿಕೊಂಡು ಅದರಲ್ಲಿ 45/*/1 ಎಂದು ಬರೆಯುತ್ತಾರೆ. ತಂತ್ರಾಂಶ ಅದನ್ನು ಎತ್ತಿ ವಾಕ್ಯದೊಳಗೆ ಹೊಲಿಯುತ್ತದೆ:

ತೋರಿಸು ಪಹಣಿ-ಪಟ್ಟಿಯಿಂದ, ಎಲ್ಲಿ ಸರ್ವೆ = 45/*/1 ಮತ್ತು ಗ್ರಾಮ = 'ನೆಲೋಗಿ'

ಇಲ್ಲಿದೆ ತಮಾಷೆ. ಎಸ್‌ಕ್ಯೂಎಲ್‌ನಲ್ಲಿ ಓರೆಗೆರೆ ಮತ್ತು ನಕ್ಷತ್ರ ಒಟ್ಟಿಗೆ ಬಂದರೆ ‘ಇಲ್ಲಿಂದ ಮುಂದೆ ಇರುವುದು ಷರಾ, ಓದಬೇಡ’ ಎಂದು ಅರ್ಥ. ನಕ್ಷತ್ರ ಮೊದಲು ಬಂದು ಆಮೇಲೆ ಓರೆಗೆರೆ ಬಂದಾಗ ಷರಾ ಮುಗಿಯುತ್ತದೆ. ಈ ವಾಕ್ಯದಲ್ಲಿ ಷರಾ ತೆರೆದುಕೊಂಡಿತು. ಷರಾ ತೆರೆಯಲು ಬಳಸಿದ ನಕ್ಷತ್ರವನ್ನೇ ಮುಚ್ಚಲೂ ಬಳಸುವಂತಿಲ್ಲ, ಹಾಗಾಗಿ ಅದು ಮುಚ್ಚಲೇ ಇಲ್ಲ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ‘ಷರಾ ಮುಗಿದಿಲ್ಲ’ ಎಂದು ಗೊಣಗಿ ಸುಮ್ಮನಾಗುತ್ತದೆ, ಅದು ಪುಣ್ಯ. ಆದರೆ ಮೊಬೈಲ್ ಫೋನುಗಳಲ್ಲೆಲ್ಲ ಇರುವ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನ ನಿಯಮ ಬೇರೆ. ಮುಚ್ಚದ ಷರಾ ವಾಕ್ಯದ ಕೊನೆಯವರೆಗೂ ಹರಡಿದೆ ಎಂದು ಅದು ತಿಳಿಯುತ್ತದೆ. ಊರಿನ ಹೆಸರು ಷರಾದೊಳಗೆ ಮುಳುಗಿತು. ಉಳಿದದ್ದು ಇಷ್ಟು: ಎಲ್ಲಿ ಸರ್ವೆ = 45.

ಸರ್ವೆ ನಂಬರು ಪ್ರತಿ ಊರಲ್ಲೂ ಒಂದರಿಂದ ಶುರುವಾಗುತ್ತದೆ. 45 ಎಂಬುದು ನೆಲೋಗಿಗೂ ಇರಬಹುದು, ಆಳಂದದ ನಿಂಬರ್ಗಾಕ್ಕೂ ಅಫಜಲಪುರದ ಕರಜಗಿಗೂ ಇರಬಹುದು. ಪಟ್ಟಿಯಲ್ಲಿರುವ ಎಲ್ಲ ಊರುಗಳ 45ನೇ ನಂಬರಿನ ಹೊಲಗಳೂ ಪರದೆಯ ಮೇಲೆ ಬಂದು ಸಾಲಾಗಿ ನಿಲ್ಲುತ್ತವೆ. ‘ತೋರಿಸು’ ಎಂಬಲ್ಲಿ ‘ಬದಲಿಸು’ ಇದ್ದಿದ್ದರೆ? ನೆಲೋಗಿಯ ಒಂದು ತುಂಡು ಹೊಲದ ಖಾತೆ ಮಗನ ಹೆಸರಿಗೆ ಬದಲಾಗುವ ಬದಲು ಮೂರು ತಾಲೂಕಿನ 45ನೇ ನಂಬರುಗಳೆಲ್ಲ ಅವನ ಹೆಸರಿಗೆ ಬಂದುಬಿಡುತ್ತವೆ. ಯಾರೂ ಮೋಸ ಮಾಡಲಿಲ್ಲ. ಅಪ್ಪ ಕಾಗದದಲ್ಲಿ ಇದ್ದದ್ದನ್ನೇ ಬರೆದರು.

ತಪ್ಪು ಎಲ್ಲಿಯದು? ಆಜ್ಞೆಯೂ ಮಾಹಿತಿಯೂ ಒಂದೇ ವಾಕ್ಯದಲ್ಲಿ, ಒಂದೇ ಶಾಯಿಯಲ್ಲಿ ಇರುವುದರದು. ಇದನ್ನು ಅರಿಯುವುದಕ್ಕೆ ಕಂಪ್ಯೂಟರೇ ಬೇಕಿಲ್ಲ, ಕನ್ನಡ ಸಾಕು. ಕನ್ನಡದಲ್ಲಿ ಒಬ್ಬರ ಮಾತು ಎಲ್ಲಿ ಮುಗಿಯಿತು ಎಂಬುದನ್ನು ತೋರಿಸುವ ಕೆಲಸವನ್ನು ‘ಎಂದು’ ಮಾಡುತ್ತದೆ. ಶಾಲೆಯ ಮುಖ್ಯ ಗುರುಗಳು ಸಿಪಾಯಿಗೆ ಕೊಡಲು ಒಂದು ಚೀಟಿ ಅಚ್ಚು ಹಾಕಿಸಿಟ್ಟಿದ್ದಾರೆ: ‘........ ಎಂದು ಕೂಗು.’ ಖಾಲಿ ಜಾಗದಲ್ಲಿ ಹುಡುಗರೇ ತಮ್ಮ ಹೆಸರು ಬರೆಯಬೇಕು. ಒಬ್ಬ ತುಂಟ ಬರೆಯುತ್ತಾನೆ: ‘ಶರಣಪ್ಪ ಎಂದು ಕೂಗು. ಗಂಟೆ ಬಾರಿಸಿ ಎಲ್ಲರನ್ನೂ ಮನೆಗೆ ಕಳಿಸು. ಮಲ್ಲಪ್ಪ’. ಈಗ ಚೀಟಿ ಪೂರ್ತಿ ಓದಿ: ‘ಶರಣಪ್ಪ ಎಂದು ಕೂಗು. ಗಂಟೆ ಬಾರಿಸಿ ಎಲ್ಲರನ್ನೂ ಮನೆಗೆ ಕಳಿಸು. ಮಲ್ಲಪ್ಪ ಎಂದು ಕೂಗು.’ ವ್ಯಾಕರಣದಲ್ಲಿ ಒಂದು ಕೊರತೆಯೂ ಇಲ್ಲ. ವಿಧೇಯ ಸಿಪಾಯಿ ಗಂಟೆ ಬಾರಿಸಿಯೇ ಬಾರಿಸುತ್ತಾನೆ.

ಕಂಪ್ಯೂಟರು ಆ ಸಿಪಾಯಿಗಿಂತ ವಿಧೇಯ. ಎಸ್‌ಕ್ಯೂಎಲ್‌ನಲ್ಲಿ ‘ಎಂದು’ವಿನ ಜಾಗದಲ್ಲಿ ನಿಂತಿರುವುದು ಶಾಲೆಯ ವ್ಯಾಕರಣ ಪುಸ್ತಕ ವಾಕ್ಯವೇಷ್ಟನ ಚಿಹ್ನೆ ಎಂದು ಕರೆಯುವ ಒಂಟಿ ಕೊಕ್ಕೆ. ಹೆಸರು, ಊರು ಮುಂತಾದ ಪಠ್ಯವೆಲ್ಲ ಎರಡು ಕೊಕ್ಕೆಗಳ ನಡುವೆ ಇರಬೇಕು. ಹೆಸರಿನಲ್ಲೇ ಕೊಕ್ಕೆ ಇದ್ದರೆ? ಮಂಗಳೂರಿನ ಕಡೆಯಿಂದ ಬಂದ ಡಿ'ಸೋಜ ಎಂಬ ವಿದ್ಯಾರ್ಥಿ ಪ್ರವೇಶ ಅರ್ಜಿ ತುಂಬಿದರೆ ಆಜ್ಞೆಯಲ್ಲಿ 'ಡಿ'ಸೋಜ' ಎಂದಾಗುತ್ತದೆ. ಡೇಟಾಬೇಸಿನ ಮಟ್ಟಿಗೆ ಹೆಸರು ‘ಡಿ’ಗೇ ಮುಗಿಯಿತು. ‘ಸೋಜ’ ಎಂಬ ಆಜ್ಞೆ ಅದಕ್ಕೆ ಗೊತ್ತಿಲ್ಲ. ಅರ್ಜಿ ತಿರಸ್ಕೃತ.

ಡಿ'ಸೋಜರ ಕೊಕ್ಕೆ ಹುಟ್ಟಿನಿಂದ ಬಂದದ್ದು. ಬೇಕೆಂದೇ ಕೊಕ್ಕೆ ಹಾಕುವವರೂ ಇದ್ದಾರೆ. ಹೆಸರಿನ ಜಾಗದಲ್ಲಿ ಮೊದಲು ಒಂದು ಕೊಕ್ಕೆ ಇಟ್ಟು ಪಠ್ಯವನ್ನು ಮುಗಿಸಿ, ‘ಅಥವಾ 1 = 1’ ಎಂದು ಸೇರಿಸಿದರೆ ಷರತ್ತು ಪ್ರತಿ ಸಾಲಿಗೂ ನಿಜವಾಗುತ್ತದೆ, ಕಣಜದ ಬಾಗಿಲು ತೆರೆಯುತ್ತದೆ. ಈ ಉಪಾಯವನ್ನು ಜೆಫ್ ಫಾರಿಸ್ಟಲ್ ಎಂಬಾತ 1998ರ ಡಿಸೆಂಬರಿನಲ್ಲಿ ‘ಫ್ರ್ಯಾಕ್’ ಪತ್ರಿಕೆಯ 54ನೇ ಸಂಚಿಕೆಯಲ್ಲಿ ಬಿಡಿಸಿ ಬರೆದ. ‘ಎಸ್‌ಕ್ಯೂಎಲ್ ಇಂಜೆಕ್ಷನ್’ ಎಂಬ ಹೆಸರು ಅನಂತರದ್ದು. ಜಾಲತಾಣಗಳ ಭದ್ರತೆಯ ಬಗ್ಗೆ ಕೆಲಸ ಮಾಡುವ ಓವಾಸ್ಪ್ ಸಂಸ್ಥೆಯ 2010, 2013 ಮತ್ತು 2017ರ ಅಪಾಯ ಪಟ್ಟಿಗಳಲ್ಲಿ ಈ ಬಗೆಯ ದಾಳಿಗೇ ಮೊದಲ ಸ್ಥಾನ. ಇಷ್ಟು ಹಳೆಯ, ಇಷ್ಟು ಸುಲಭವಾಗಿ ಮುಚ್ಚಬಹುದಾದ ತೂತು ಇಷ್ಟು ಕಾಲ ಬಾಳಿದ್ದು ನಾಚಿಕೆಗೇಡು.

ಮೊದಲು ಹೊಳೆದ ಮದ್ದಿನ ಹೆಸರು ಎಸ್ಕೇಪ್ ಮಾಡುವುದು. ಎಂದರೆ ವಿಶೇಷ ಅಧಿಕಾರವುಳ್ಳ ಚಿಹ್ನೆಯ ಅಧಿಕಾರ ಕಳಚಿ ಅದನ್ನು ಸಾಮಾನ್ಯ ಅಕ್ಷರವಾಗಿಸುವುದು. ಎಸ್‌ಕ್ಯೂಎಲ್‌ನ ಮೂಲ ನಿಯಮದಂತೆ ಪಠ್ಯದೊಳಗಿನ ಒಂದು ಕೊಕ್ಕೆಗೆ ಎರಡು ಕೊಕ್ಕೆ ಬರೆಯಬೇಕು. 'ಡಿ''ಸೋಜ' ಎಂದು ಬರೆದರೆ ಡೇಟಾಬೇಸು ಜೋಡಿಯನ್ನು ಒಂದೇ ಎಂದು ಓದಿ ಡಿ'ಸೋಜ ಎಂದೇ ಇಟ್ಟುಕೊಳ್ಳುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಕೊಕ್ಕೆಯ ಹಿಂದೆ ಹಿಮ್ಮುಖ ಓರೆಗೆರೆ ಇಟ್ಟರೂ ನಡೆಯುತ್ತದೆ. ಹೀಗೆ ಒಂದೊಂದು ಡೇಟಾಬೇಸಿಗೆ ಒಂದೊಂದು ರೂಢಿ ಇರುವುದರಿಂದ ಈ ಕೆಲಸವನ್ನು ಕೈಯಾರೆ ಮಾಡದೆ ಆಯಾ ಡೇಟಾಬೇಸಿನ ಜೊತೆಗೇ ಬರುವ ಸಿದ್ಧ ಸಾಧನಕ್ಕೆ ಬಿಡುವುದು ಲೇಸು.

ಪಿಎಚ್‌ಪಿ ಭಾಷೆಯವರು ಒಂದು ಕಾಲಕ್ಕೆ ಇನ್ನೂ ಮುಂದೆ ಹೋಗಿ, ಹೊರಗಿನಿಂದ ಬಂದ ಪಠ್ಯಕ್ಕೆಲ್ಲ ತಾನಾಗಿಯೇ ಓರೆಗೆರೆ ಹಾಕುವ ‘ಮ್ಯಾಜಿಕ್ ಕೋಟ್ಸ್’ ಎಂಬ ಏರ್ಪಾಡು ಮಾಡಿದ್ದರು. ಡೇಟಾಬೇಸಿಗೆ ಹೋಗದ ಪಠ್ಯಕ್ಕೂ ಓರೆಗೆರೆ ಬಿತ್ತು. ತಂತ್ರಾಂಶ ಬರೆದವರು ತಾವೂ ಒಮ್ಮೆ ಹಾಕಿದರೆ ಎರಡೆರಡು ಬಿತ್ತು. ಹೆಸರುಗಳೆಲ್ಲ ಡಿ\'ಸೋಜ ಎಂದು ಅಚ್ಚಾಗತೊಡಗಿದವು. 2012ರಲ್ಲಿ ಬಂದ 5.4ನೇ ಆವೃತ್ತಿಯಲ್ಲಿ ಆ ಏರ್ಪಾಡನ್ನೇ ಕಿತ್ತುಹಾಕಲಾಯಿತು.

ಅದಕ್ಕಿಂತ ಸೂಕ್ಷ್ಮವಾದ ಪ್ರಸಂಗ ಚೀನೀ ಲಿಪಿಯದು. ಕಂಪ್ಯೂಟರಿನಲ್ಲಿ ಕೊಕ್ಕೆಯ ಸಂಕೇತ 39, ಹಿಮ್ಮುಖ ಓರೆಗೆರೆಯದು 92. ಚೀನೀ ಬರಹಕ್ಕೆ ಬಳಸುವ ಜಿಬಿಕೆ ಎಂಬ ಪದ್ಧತಿಯಲ್ಲಿ 191 ಮತ್ತು 92 ಸೇರಿ ಒಂದೇ ಅಕ್ಷರವಾಗುತ್ತದೆ. ದಾಳಿಕೋರ 191, 39 ಎಂದು ಕಳಿಸಿದ. ಲಿಪಿಯ ಗೊಡವೆಯಿಲ್ಲದ ಕಾವಲುಗಾರ 39ರ ಹಿಂದೆ 92 ಇಟ್ಟ. ಆ 92ನ್ನು 191 ನುಂಗಿ ಚೀನೀ ಅಕ್ಷರವಾಯಿತು. ಕೊಕ್ಕೆ ಮತ್ತೆ ಸ್ವತಂತ್ರವಾಯಿತು! ಇದು 2006ರಲ್ಲಿ ಬಯಲಾದ ಸಂಗತಿ. ಕನ್ನಡಿಗರು ಈ ಒಂದು ವಿಷಯದಲ್ಲಿ ನಿಶ್ಚಿಂತರು. ಈಗ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಮೂರು ಸಂಖ್ಯೆ. ‘ಕ’ ಎಂದರೆ 224, 178, 149. ಮೂರೂ 128ಕ್ಕಿಂತ ಕಡಿಮೆಯಾಗುವುದೇ ಇಲ್ಲ. ಕನ್ನಡ ಅಕ್ಷರದ ಹೊಟ್ಟೆಯಲ್ಲಿ ಕೊಕ್ಕೆಯಾಗಲಿ ಓರೆಗೆರೆಯಾಗಲಿ ಅಡಗಿ ಕೂರಲಾರದು.

ಎಸ್ಕೇಪ್ ಸರಿಯಾಗಿ ಮಾಡಿದರೂ ನೆಲೋಗಿಯ ಹೊಲ ಮಾತ್ರ ಉಳಿಯುವುದಿಲ್ಲ. ವಿದ್ಯಾರ್ಥಿಗಳು ಸಾಮಾನ್ಯವಾಗಿ ತಪ್ಪುವುದು ಇಲ್ಲೇ. 45/*/1 ಎಂಬುದರಲ್ಲಿ ಕೊಕ್ಕೆಯೇ ಇಲ್ಲ. ಎಸ್ಕೇಪ್ ಸಾಧನ ಅದನ್ನು ಮುಟ್ಟದೆ ಬಿಟ್ಟುಬಿಡುತ್ತದೆ. ಕೊಕ್ಕೆಗಳ ಬೇಲಿಯೊಳಗೆ ಇರುವ ಪಠ್ಯ ಬೇಲಿ ಹಾರದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಸಂಖ್ಯೆ ಎಂದುಕೊಂಡು ಬೇಲಿಯನ್ನೇ ಹಾಕದೆ ಬಿಟ್ಟ ಕಡೆ ಅದು ಏನನ್ನೂ ಕಾಯುವುದಿಲ್ಲ.

ಹಾಗಿದ್ದರೆ ಚಿಹ್ನೆಗಳನ್ನೇ ನಿಷೇಧಿಸಿದರಾಯಿತಲ್ಲ ಎನ್ನುವವರುಂಟು. ‘ಅಕ್ಷರಗಳಲ್ಲದೆ ಬೇರೇನೂ ಬರೆಯಕೂಡದು’ ಎಂಬ ಕಟ್ಟಳೆ ಮೇಲ್ನೋಟಕ್ಕೆ ಜಾಣತನದ್ದು. ಕನ್ನಡದ ಹೆಸರುಗಳಿಗೆ ಮಾತ್ರ ಅದು ಮಾರಿ. ಯುನಿಕೋಡ್ ಲೆಕ್ಕದಲ್ಲಿ ಕ, ಗ, ಪ ಇವು ಅಕ್ಷರಗಳು. ಗುಣಿಸು, ಸೊನ್ನೆ, ಒತ್ತಕ್ಷರ ಮಾಡುವ ಅರ್ಧಚಿಹ್ನೆ ಇವೆಲ್ಲ ‘ಗುರುತು’ಗಳು, ಬೇರೆ ಜಾತಿ. ಅಕ್ಷರಗಳನ್ನಷ್ಟೇ ಉಳಿಸುವ ಜರಡಿಯಲ್ಲಿ ಶಿವಲಿಂಗಪ್ಪ ಎಂಬ ಹೆಸರು ಹಾಕಿದರೆ ಕೆಳಗೆ ಬೀಳುವುದು ‘ಶವಲಗಪಪ’. ಶಿವ ಹೋಗಿ ಶವ ಉಳಿಯಿತು! ರಾಜ್‌ಕುಮಾರ್ ಎಂದು ಬಿಡಿಸಿ ಬರೆಯುವಾಗ ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ‘ಅನಗತ್ಯ ಚಿಹ್ನೆ’ ಎಂದು ಅದನ್ನು ತೆಗೆದರೆ ರಾಜ್ಕುಮಾರ್ ಎಂದು ಒತ್ತಕ್ಷರವಾಗಿಬಿಡುತ್ತದೆ. ಓದುವವರಿಗೆ ಎರಡೂ ಒಂದೇ ಇರಬಹುದು, ಕಂಪ್ಯೂಟರಿಗೆ ಅವು ಎರಡು ಬೇರೆ ಹೆಸರು. ಪಹಣಿಯ ಹೆಸರಿಗೂ ಆಧಾರ್ ಹೆಸರಿಗೂ ತಾಳೆಯಾಗದೆ ಬೆಳೆ ಪರಿಹಾರಕ್ಕಾಗಿ ಕಚೇರಿ ಅಲೆದವರಿಗೆ ಇದರ ಬಿಸಿ ವಿವರಿಸಬೇಕಾಗಿಲ್ಲ. ತಂತ್ರಾಂಶ ಬರೆದವರ ಸೋಮಾರಿತನಕ್ಕೆ ಜನ ತಮ್ಮ ಹೆಸರನ್ನು ಕತ್ತರಿಸಿಕೊಳ್ಳಬೇಕೆನ್ನುವುದು ಯಾವ ನ್ಯಾಯ?

ನಿಜವಾದ ದಾರಿ ಬೇರೆ ಇದೆ, ಅದು ಎಸ್ಕೇಪ್‌ಗಿಂತ ಸುಲಭವೂ ಹೌದು. ಆಜ್ಞೆಯನ್ನೂ ಮಾಹಿತಿಯನ್ನೂ ಒಟ್ಟಿಗೆ ಹೊಲಿಯಲೇಬಾರದು. ಮೊದಲು ಆಜ್ಞೆ ಮಾತ್ರ ಹೋಗಲಿ, ಮಾಹಿತಿಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಲಿ:

ತೋರಿಸು ಪಹಣಿ-ಪಟ್ಟಿಯಿಂದ, ಎಲ್ಲಿ ಸರ್ವೆ = ? ಮತ್ತು ಗ್ರಾಮ = ?

ಡೇಟಾಬೇಸು ಈ ವಾಕ್ಯವನ್ನು ಓದಿ, ಕರ್ತೃ, ಕರ್ಮ, ಕ್ರಿಯೆಗಳನ್ನೆಲ್ಲ ಬಿಡಿಸಿ ಅರ್ಥ ಮಾಡಿಕೊಂಡು ಮುಗಿಸುತ್ತದೆ. ಮಾಹಿತಿ ಅನಂತರ ಬೇರೆಯಾಗಿ ಬರುತ್ತದೆ. ಅಷ್ಟು ಹೊತ್ತಿಗೆ ವ್ಯಾಕರಣದ ಕೆಲಸ ಮುಗಿದಿರುವುದರಿಂದ ಬಂದ ಮಾಹಿತಿಯಲ್ಲಿ ಕೊಕ್ಕೆ ಇರಲಿ, ನಕ್ಷತ್ರ ಇರಲಿ, ‘ಪಟ್ಟಿಯನ್ನೇ ಅಳಿಸು’ ಎಂಬ ಇಡೀ ವಾಕ್ಯವೇ ಇರಲಿ, ಅದು ಬರಿಯ ಬೆಲೆಯಾಗಿ ಉಳಿಯುತ್ತದೆ, ಆಜ್ಞೆಯಾಗುವುದಿಲ್ಲ. ಮುಖ್ಯ ಗುರುಗಳು ಸಿಪಾಯಿಗೆ ‘ನಾನು ಕೊಡುವ ಕಾಗದದಲ್ಲಿ ಏನೇ ಇರಲಿ, ಅದನ್ನು ಹೆಸರೆಂದು ಕೂಗು, ಅಷ್ಟೇ’ ಎಂದು ಮೊದಲೇ ಹೇಳಿ, ಕಾಗದವನ್ನು ಆಮೇಲೆ ಕೊಟ್ಟ ಹಾಗೆ. ಸಿಪಾಯಿ ‘ಗಂಟೆ ಬಾರಿಸಿ ಎಲ್ಲರನ್ನೂ ಮನೆಗೆ ಕಳಿಸು’ ಎಂದು ಗಟ್ಟಿಯಾಗಿ ಕೂಗುತ್ತಾನೆ, ಮಕ್ಕಳು ನಗುತ್ತಾರೆ, ಗಂಟೆ ಮಾತ್ರ ಬಾರಿಸುವುದಿಲ್ಲ. ಇಂಥ ಆಜ್ಞೆಗೆ ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್’ ಎನ್ನುತ್ತಾರೆ. ಜಾವಾ, ಪೈಥಾನ್, ಪಿಎಚ್‌ಪಿ ಎಲ್ಲದರಲ್ಲೂ ಇದಕ್ಕೆ ಏರ್ಪಾಡಿದೆ.

ಒಂದೆರಡು ಎಚ್ಚರಿಕೆ ಉಂಟು. ಕೋಷ್ಟಕದ ಹೆಸರು, ಯಾವ ಅಂಕಣದ ಪ್ರಕಾರ ಸಾಲು ಜೋಡಿಸಬೇಕು ಎಂಬುದರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ನಡೆಯುವುದಿಲ್ಲ. ಅಲ್ಲಿ ಅನುಮತಿ ಇರುವ ಹೆಸರುಗಳ ಪಟ್ಟಿ ಇಟ್ಟುಕೊಂಡು ಅದರಿಂದಲೇ ಆರಿಸಬೇಕು. ಹಾಗೆಯೇ ‘ಇಂಥ ಅಕ್ಷರದಿಂದ ಶುರುವಾಗುವ ಹೆಸರು’ ಎಂದು ಹುಡುಕುವಾಗ ಶೇಕಡಾ ಚಿಹ್ನೆಗೂ ಅಡಿಗೆರೆಗೂ ವಿಶೇಷ ಅರ್ಥವಿದೆ. ಅವುಗಳಿಗೆ ಎಸ್ಕೇಪ್ ಬೇಕೇ ಬೇಕು.

ಇನ್ನು ತಂದೆತಾಯಿಯರು ತಿಳಿದಿರಬೇಕಾದ ಒಂದು ಮಾತು. ಪಾಠದಲ್ಲಿ ಕೊಕ್ಕೆಯ ಮಹಿಮೆ ಕಲಿತ ಹುಡುಗರಿಗೆ ಕಾಲೇಜಿನದೋ ಬ್ಯಾಂಕಿನದೋ ಜಾಲತಾಣದಲ್ಲಿ ಅದನ್ನು ಪರೀಕ್ಷಿಸಿ ನೋಡುವ ಚಪಲ ಹುಟ್ಟುವುದು ಸಹಜ. 2015ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಎಂಬ ದೂರವಾಣಿ ಕಂಪನಿಯ 1,56,959 ಗ್ರಾಹಕರ ಮಾಹಿತಿ ಇದೇ ಕೊಕ್ಕೆಯ ದಾರಿಯಿಂದ ಸೋರಿತು. 2009ರಲ್ಲಿ ಬೇರೊಂದು ಕಂಪನಿಯನ್ನು ಕೊಂಡಾಗ ಜೊತೆಗೆ ಬಂದು, ಆಮೇಲೆ ಯಾರೂ ತಿರುಗಿ ನೋಡದೆ ಬಿಟ್ಟಿದ್ದ ಹಳೆಯ ಪುಟಗಳೇ ಅದಕ್ಕೆ ಬಾಗಿಲಾದವು. ಕಂಪನಿಗೆ ಮರುವರ್ಷ 4 ಲಕ್ಷ ಪೌಂಡ್ ದಂಡ ಬಿತ್ತು. ಆ ಪ್ರಕರಣದಲ್ಲಿ ಸಿಕ್ಕಿಬಿದ್ದವರಲ್ಲಿ 17 ವರ್ಷದ ಹುಡುಗನೊಬ್ಬನಿದ್ದ. ಗೆಳೆಯರ ಮುಂದೆ ಹೆಚ್ಚುಗಾರಿಕೆ ತೋರಿಸಲು ಹಾಗೆ ಮಾಡಿದೆ ಎಂದು ಅವನು ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಭಾರತದಲ್ಲಿ 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳು ಇದಕ್ಕೆ ಅನ್ವಯಿಸುತ್ತವೆ. ಅನುಮತಿಯಿಲ್ಲದೆ, ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶದಿಂದ ಬೇರೆಯವರ ಕಂಪ್ಯೂಟರಿನೊಳಗೆ ಇಣುಕಿದ್ದು ರುಜುವಾತಾದರೆ 3 ವರ್ಷದವರೆಗೆ ಸೆರೆವಾಸ, ಇಲ್ಲವೆ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಕೈ ಪಳಗಿಸಿಕೊಳ್ಳುವುದಕ್ಕೆ ಸ್ವಂತ ಕಂಪ್ಯೂಟರಿನಲ್ಲಿ, ತಾವೇ ಕಟ್ಟಿದ ಸುಳ್ಳು ಪಹಣಿಗಳ ಪಟ್ಟಿ ಧಾರಾಳ ಸಾಕು.

ಆ ಪಟ್ಟಿಯ ಮೇಲೆ ಮಾಡಬಹುದಾದ ಪರೀಕ್ಷೆಗೆ ಕಂಪ್ಯೂಟರ್ ಬಾರದ ಅಪ್ಪ ಅಮ್ಮನೂ ಪಕ್ಕದಲ್ಲಿ ಕೂರಬಹುದು. ಹೆಸರಿನ ಪೆಟ್ಟಿಗೆಯಲ್ಲಿ ಡಿ'ಸೋಜ, ಶಿವಲಿಂಗಪ್ಪ, ರಾಜ್‌ಕುಮಾರ್ ಎಂದು ಒಂದೊಂದಾಗಿ ಸೇರಿಸಿ, ತೆಗೆಸಿ ನೋಡಬೇಕು. ಒಂದು ಗುಣಿಸೂ ಕೊಕ್ಕೆಯೂ ಕಳೆಯದೆ, ಹೊಸ ಓರೆಗೆರೆಯೂ ಸೇರದೆ ಮೂರು ಹೆಸರೂ ಹೋದ ಹಾಗೆಯೇ ಹಿಂದಿರುಗಬೇಕು. ಆಮೇಲೆ ನೆಲೋಗಿ, ನಿಂಬರ್ಗಾ, ಕರಜಗಿ ಮೂರೂ ಊರುಗಳಿಗೆ 45ನೇ ನಂಬರಿನ ಒಂದೊಂದು ಹೊಲ ಸೇರಿಸಿ, ನೆಲೋಗಿಯ 45/*/1 ಯಾರದು ಎಂದು ಕೇಳಬೇಕು. ಉತ್ತರದಲ್ಲಿ ಒಂದೇ ಹೊಲ ಬಂದರೆ ಸರಿ. ಸರ್ವೆ ನಂಬರು ಅಂಕಿ ಮಾತ್ರ ಇರಬೇಕು, ಹಿಸ್ಸಾ ಬೇರೆ ಪೆಟ್ಟಿಗೆಯಲ್ಲಿ ಬರೆಯಿರಿ ಎಂದು ತಂತ್ರಾಂಶ ತಿದ್ದಿ ಹೇಳಿದರೆ ಇನ್ನೂ ಸರಿ. ನಿಂಬರ್ಗಾದವರ ಹೊಲವೂ ಪರದೆಯ ಮೇಲೆ ಬಂದು ನಿಂತರೆ, ವಾಕ್ಯ ಹೊಲಿದ ಸಾಲು ತಂತ್ರಾಂಶದಲ್ಲಿ ಇನ್ನೂ ಎಲ್ಲಿಯೋ ಉಳಿದಿದೆ. ಪ್ರಾಜೆಕ್ಟು ಒಪ್ಪಿಸುವ ಮೊದಲು ಅದನ್ನು ಹುಡುಕಬೇಕು.